ಏಳನೇ ಈಯತ್ತೆಯಲ್ಲಿ ಕೂತ ಎಂ.ಬಿ.ಎ. ವಿದ್ಯಾರ್ಥಿಗಳು

ಸಂಕ್ರಾಂತಿ ರಜೆ ಮುಗಿಸಿ ಕಾಲೇಜಿಗೆ ಹೋದ ದಿನ ಹಿಂದಿನ ಅಂಗಳದಲ್ಲಿ ಮಕ್ಕಳ ಗಲಾಟೆ ಇರಲಿಲ್ಲ. ಪ್ರಾರ್ಥನೆಯ ಹೊತ್ತು ಮೀರಿತ್ತೇನೋ ಅಂದುಕೊಂಡು ಗಡಿಯಾರ ನೋಡಿದೆ, ಮೀರಿರಲಿಲ್ಲ. ಪ್ರಿನ್ಸಿಪಾಲರು ಕರೆಸಿ ವಿಷಯ ತಿಳಿಸಿದರು. ನಮ್ಮ ತರಬೇತಿಯವರು ಪಾಠ ಮಾಡಿ ಕಲಿಯಲೆಂದು ಇದ್ದ ಕನ್ನಡ ಮಾಧ್ಯಮದ ಅಭ್ಯಾಸ ಶಾಲೆಯನ್ನು ರಜೆಯಲ್ಲೇ ಮುಚ್ಚಿದ್ದರು. ಉಳಿದಿದ್ದ ಬೆರಳೆಣಿಕೆಯ ಮಕ್ಕಳನ್ನು ಅವರವರ ತಂದೆತಾಯಿ ಬೇರೆ ಕಡೆಯ ಇಂಗ್ಲಿಷ್ ಶಾಲೆಗಳಿಗೆ ಹಾಕಿಬಿಟ್ಟಿದ್ದರು.

"ಮೇಡಂ ಅವರ, ನಾ ಏನ್ ಮಾಡ್ಲಿ ಹೇಳ್ರಿ. ಕಮಿಟಿಯವರದು ನಿರ್ಧಾರ. ಹೆಂಗೂ ಟ್ರೇನಿಂಗ್ ವಿಭಾಗಕ್ಕ ಇದೇ ಕಡೀ ಬ್ಯಾಚು" ಅಂದರು ಪ್ರಿನ್ಸಿಪಾಲರು.

ಸರಿ ಸರ್ ಅಂದು ಎದ್ದು ಬಂದೆ. ಸಿಟ್ಟು ಬರಲಿಲ್ಲ, ದುಃಖವೂ ಆಗಲಿಲ್ಲ. ಆ ವರ್ಷ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕೂತು ಕೂತು ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ನನ್ನ ಮನಸ್ಸು ಹಾಗಾಗಿತ್ತು. ಹಸಿವು ಕೂಡ ಸತ್ತಿತ್ತು. ವೈನಿ ಬೆಳಿಗ್ಗೆ ಎದ್ದು ಕಟ್ಟಿಕೊಟ್ಟ ಡಬ್ಬಿ ಸಂಜೆ ಹಾಗೇ ಮನೆಗೆ ವಾಪಸು ಬರುತ್ತಿತ್ತು. "ನಿಮ್ಮ ಡಬ್ಬಿ ದಿನಾ ನಾರಾಯಣಗೂಡ ನೋಡಿಕೊಂಡ ಬರಾಕತ್ತೈತಿ" ಎಂದು ಕಾಲೇಜಿದ್ದ ಬಡಾವಣೆಯ ಹೆಸರು ಹಿಡಿದು ಅಣ್ಣನ ಹೆಂಡತಿಯಾದ ಆಕೆ ಚುಚ್ಚುತ್ತಿದ್ದಳು. ಅದಕ್ಕೂ ನಗು ಬರುತ್ತಿರಲಿಲ್ಲ.

ನಮ್ಮ ಕಾಲೇಜಿನ ಇತಿಹಾಸವನ್ನು ಮಹಡಿಗಳ ಲೆಕ್ಕದಲ್ಲೇ ಹೇಳಿಬಿಡಬಹುದು. ನೌಕರಿಗೆಂದು ಹಿಂದೆಂದೋ ಹೈದರಾಬಾದಿಗೆ ಬಂದು ಬೇರು ಬಿಟ್ಟ ನಮ್ಮ ಕಡೆಯ ಕನ್ನಡ ಮಂದಿ ಸೇರಿ ಇದನ್ನು ಕಟ್ಟಿದರು. ಹೆಣ್ಣುಮಕ್ಕಳು ಟೀಚರ್ ಆಗಲಿ, ಗಂಡುಮಕ್ಕಳು ಗುಮಾಸ್ತರಾಗಲಿ ಎಂಬುದು ಅವರ ಲೆಕ್ಕಾಚಾರ. ಹೀಗಾಗಿ ಕೆಳಗೆ ಶಿಕ್ಷಕರ ತರಬೇತಿ, ಮೇಲೆ ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್. ನಾನು ಅಲ್ಲೇ ತರಬೇತಿ ಪಡೆಯುವಾಗ ಛತ್ತಿನಿಂದ ಟಕಟಕ ಸದ್ದು ಬೀಳುತ್ತಲೇ ಇರುತ್ತಿತ್ತು, ನಾವು ಅದರ ಮೇಲೆ ದನಿಯೆತ್ತಿ ಪಾಠ ಮಾಡುವುದನ್ನು ಕಲಿತೆವು. ಆಮೇಲೆ ಟೈಪಿಂಗ್ ಹೋಗಿ ಕಾಮರ್ಸ್ ಬಂತು, ಕಾಮರ್ಸಿನ ಬೆನ್ನಿಗೆ ಕಂಪ್ಯೂಟರ್, ಕಂಪ್ಯೂಟರಿನ ಬೆನ್ನಿಗೆ ಎಂ.ಬಿ.ಎ. ಊರ ತುಂಬ ಸಾಫ್ಟ್‌ವೇರಿನ ಮಾತು ಶುರುವಾದ ಮೇಲೆ ಬಿಸಿನೆಸ್ ಕಾಲೇಜು ಒಂದೊಂದೇ ಮಹಡಿ ಕೆಳಗಿಳಿಯಿತು. ನಾವು ಕೊನೆಗೆ ಜಿನ್ನಾದ, ಅಂದರೆ ಮಹಡಿ ಮೆಟ್ಟಿಲ, ಕೆಳಗಿನ ಎರಡು ಕೋಣೆಗೆ ಬಂದು ನಿಂತೆವು. ಬರುವ ಜೂನ್‌ಗೆ ಅವೂ ಸೆಮಿನಾರ್ ಹಾಲ್ ಆಗುವುದಿತ್ತು.

ನನ್ನ ಪಾಲಿಗೆ ಉಳಿದಿದ್ದ ಕೆಲಸ ಒಂದೇ. ಆ ಕಡೇ ಬ್ಯಾಚಿನಲ್ಲಿ ಕನ್ನಡ ಬೋಧನೆಯನ್ನು ವಿಷಯವಾಗಿ ತೆಗೆದುಕೊಂಡಿದ್ದವಳು ಒಬ್ಬಳೇ ಹುಡುಗಿ. ಕೃಷ್ಣಾ ನದಿಯ ದಂಡೆಯ ಗಡಿಹಳ್ಳಿಯವಳು. ಅಲ್ಲಿ ಊರುಗಳು ಆಂಧ್ರಕ್ಕೆ ಸೇರಿದ್ದರೂ ಸರ್ಕಾರಿ ಶಾಲೆಗಳು ಇನ್ನೂ ಕನ್ನಡದಲ್ಲಿ ನಡೆಯುತ್ತವೆ. ತಾನು ಕಲಿತ ಶಾಲೆಗೇ ಟೀಚರ್ ಆಗಿ ಹೋಗಬೇಕೆಂಬುದು ಅವಳ ಹಟ, ಅಲ್ಲಿ ಜಾಗ ಖಾಲಿ ಇತ್ತು. ಥಿಯರಿಯಲ್ಲಿ ಅವಳ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಆದರೆ ಪದವಿ ಸಿಗಬೇಕಾದರೆ ಅಂತಿಮ ಪಾಠ ಕೊಡಲೇಬೇಕು. ನಿಜವಾದ ತರಗತಿಯ ಎದುರು ಒಂದು ಗಂಟೆ, ಹಿಂದಿನ ಬೆಂಚಿನಲ್ಲಿ ಇಬ್ಬರು ಪರೀಕ್ಷಕರು. ಕಾಲೇಜಿನ ಪರವಾಗಿ ನಾನು, ಹೊರಗಿನಿಂದ ಒಬ್ಬರು. ನಪಾಸಾದರೆ ಮತ್ತೆ ಕೂರಲು ನಮ್ಮಲ್ಲಿ ಮುಂದಿನ ವರ್ಷ ಅನ್ನುವುದೇ ಇರಲಿಲ್ಲ, ಊರಿನ ಬೇರೆ ಕಾಲೇಜುಗಳಲ್ಲಿ ಈ ವಿಷಯವೇ ಇರಲಿಲ್ಲ.

ಗಣಿತ, ಸಮಾಜ ತೆಗೆದುಕೊಂಡವರನ್ನು ಪಕ್ಕದ ತೆಲುಗು ಶಾಲೆಗೆ ಕಳಿಸಿದೆವು. ಇವಳಿಗೆ ಎಲ್ಲಿಂದ ತರುವುದು ಕನ್ನಡ ಮಕ್ಕಳನ್ನು? ಊರಲ್ಲಿದ್ದ ಇನ್ನೊಂದು ಕನ್ನಡ ಶಾಲೆಗೆ ಎರಡು ಬಸ್ಸು ಬದಲಿಸಿ ಹೋದೆ. ಅಲ್ಲಿನ ಹೆಡ್‌ಮಿಸ್ಟ್ರೆಸ್ ಚಹಾ ಕುಡಿಸಿ, ಪರೀಕ್ಷಾ ಕೇಂದ್ರದ ಕೆಲಸ ಇರುವುದರಿಂದ ನಮ್ಮ ಅಂತಿಮ ಪಾಠದ ವಾರವೇ ತಮ್ಮ ಶಾಲೆಗೆ ರಜೆ ಎಂದರು. ವಿಶ್ವವಿದ್ಯಾಲಯದವರನ್ನು ತಾರೀಖು ಬದಲಿಸಿ ಎಂದು ಕೇಳಿಕೊಂಡೆ. ಒಬ್ಬಳಿಗೋಸ್ಕರ ಬದಲಿಸಲು ಬರುವುದಿಲ್ಲ ಎಂದರು. ಅವರದೂ ತಪ್ಪಲ್ಲ.

ದಾರಿ ತೋರಿಸಿದವರು ಬಿಸಿನೆಸ್ ಕಾಲೇಜಿನ ಡೈರೆಕ್ಟರ್. ಕಂಪನಿಯೊಂದರಿಂದ ಬಂದಿದ್ದ ಚಿಕ್ಕ ವಯಸ್ಸಿನ ಮನುಷ್ಯ, ಎದುರಿಗೆ ಸಿಕ್ಕರೆ ಬಾಗಿಲು ಹಿಡಿದು ನಿಲ್ಲುವಷ್ಟು ಸಭ್ಯ. "ನಮ್ಮ ಸ್ಟೂಡೆಂಟ್ಸ್ ಇದ್ದಾರಲ್ಲ ಮೇಡಂ, ಕ್ಲಾಸಿನಲ್ಲಿ ಕೂರಿಸಿಕೊಳ್ಳಿ. ನಿಮ್ಮ ಮೈಕ್ರೋ ಟೀಚಿಂಗಿನಲ್ಲಿ ದೊಡ್ಡವರೇ ಮಕ್ಕಳಾಗಿ ಕೂರುತ್ತಾರಂತಲ್ಲ?" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅದು ನಿಜವೇ. ವರ್ಷದ ಶುರುವಿನಲ್ಲಿ ನಮ್ಮ ತರಬೇತಿಯವರು ಒಬ್ಬೊಬ್ಬರೇ ಎದ್ದು ಐದಾರು ನಿಮಿಷ ಪಾಠ ಮಾಡುತ್ತಾರೆ, ಮಿಕ್ಕವರು ಐದನೇ ಈಯತ್ತೆಯವರಂತೆ ಕೈಕಟ್ಟಿ ಕೂರುತ್ತಾರೆ. ಆದರೆ ಅದು ತಾಲೀಮು. ಅಂತಿಮ ಪಾಠದಲ್ಲಿ ಹಾಗೆ ಮಾಡಿದರೆ ಅದು ಮೋಸ. ಪ್ರಿನ್ಸಿಪಾಲರು ನನ್ನ ಮುಖ ನೋಡದೆ "ಮ್ಯಾನೇಜ್ ಮಾಡ್ರಿ ಮೇಡಂ" ಅಂದರು. ನಾನು ಆಯಿತು ಅಂದೆ.

ಎಂ.ಬಿ.ಎ. ಹುಡುಗ ಹುಡುಗಿಯರಿಗೆ ಇದು ಮಜಾ. ಅವರಲ್ಲಿ ಒಬ್ಬರಿಗೂ ಕನ್ನಡ ಬಾರದು. ನಮ್ಮ ಹುಡುಗಿ ಏಳನೇ ಈಯತ್ತೆಯ ಪುಸ್ತಕದಿಂದ ಕೆರೆಯ ಬಗೆಗಿನ ಪಾಠ ಆರಿಸಿಕೊಂಡಿದ್ದಳು. ಕೇಳುವ ಪ್ರಶ್ನೆಗಳಿಗೆ ಉತ್ತರಗಳನ್ನು ತೆಲುಗು ಲಿಪಿಯಲ್ಲಿ ಬರೆದು, ಝೆರಾಕ್ಸ್ ಮಾಡಿ ಹಂಚಿದೆವು. ಅಭ್ಯಾಸ ಶಾಲೆಯ ಹಳೆಯ ಉಪಾಯವನ್ನೂ ನಾನೇ ಹೇಳಿಕೊಟ್ಟೆ. ಉತ್ತರ ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ಪರೀಕ್ಷಕರ ಕಣ್ಣಿಗೆ ಇಡೀ ತರಗತಿ ಕೈಯೆತ್ತಿದಂತೆ ಕಾಣುತ್ತದೆ, ಟೀಚರ್ ಮಾತ್ರ ಬಲಗೈಯವರನ್ನು ಕೇಳುತ್ತಾಳೆ. ತಲೆಮಾರುಗಳಿಂದ ನಡೆದು ಬಂದ ಪದ್ಧತಿ ಇದು, ನಮ್ಮ ಶಾಲೆಯ ಮಕ್ಕಳಂತೂ ಇದರಲ್ಲಿ ಪಳಗಿದವರು.

ಮೊದಲ ತಾಲೀಮಿನ ದಿನ ಒಬ್ಬ ಹುಡುಗ ಚಡ್ಡಿ ಹಾಕಿಕೊಂಡು ಬಂದಿದ್ದ. ಇನ್ನೊಬ್ಬಳು ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡಿದ್ದಳು. ಪಾಠದ ನಡುವೆ ಯಾರೋ ಕಿರುಬೆರಳು ಎತ್ತಿ ಹೊರಗೆ ಹೋಗಲು ಅಪ್ಪಣೆ ಕೇಳಿದರು, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನು ಗೋಡೆಗೊರಗಿ ನೋಡುತ್ತ ನಿಂತಿದ್ದೆ. ನಮ್ಮ ಹುಡುಗಿ ಪೀಠಿಕೆಯ ಪ್ರಶ್ನೆ ಶುರು ಮಾಡಿದಳು.

"ಬಾಯಾರಿದರೆ ನಮಗೆ ಏನು ಬೇಕು?"

"ನೀರು!"

ಎರಡನೆಯದು ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ಗಾಬರಿಯಲ್ಲಿ ಅದನ್ನು ಬಿಟ್ಟು ಮೂರನೆಯದಕ್ಕೆ ಹಾರಿದಳು. "ಮಳೆಯ ನೀರು ಎಲ್ಲಿ ನಿಲ್ಲುತ್ತದೆ?"

"ಮಳೆಯಿಂದ!" ಎಂದಿತು ಇಡೀ ತರಗತಿ, ಒಕ್ಕೊರಲಿನಿಂದ.

ಅವಳು ಸುಣ್ಣದ ಕಡ್ಡಿ ಕೆಳಗಿಟ್ಟಳು. ತಾಲೀಮು ಅಲ್ಲಿಗೇ ನಿಂತಿತು. ಆಮೇಲೆ ನೋಡಿದರೆ ಜಿನ್ನಾದ ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ನನಗೆ ಸಿಗುತ್ತಿತ್ತು.

"ಅಕ್ಕಾರ, ಇವರಿಗೆ ಕಲೀಬೇಕಂತ ಇಲ್ರಿ. ಕಲೀದವರಿಗೆ ನಾ ಏನ್ ಕಲಸ್ಲಿ?"

"ಪಾಸಾದ್ರ ಸಾಕಲ್ಲವ್ವ. ಮುಂದ ಊರಿಗೆ ಹೋಗಿ ನಿಜವಾದ ಮಕ್ಕಳಿಗೆ ಕಲಿಸೀಯಂತ."

"ಅಲ್ಲೂ ಹಿಂಗ ಬಲಗೈ ಎಡಗೈ ಎತ್ತಸ್ಲೇನ್ರಿ?"

ನಾಳೆ ಮತ್ತೆ ತಾಲೀಮು ಮಾಡೋಣ ಅಂದು ನನ್ನ ಕೋಣೆಗೆ ನಡೆದೆ.

ಬಾಗಿಲಲ್ಲಿ ಎಂ.ಬಿ.ಎ. ವಿದ್ಯಾರ್ಥಿಯೊಬ್ಬ ನಿಂತಿದ್ದ. ಉಪ್ಪಲ್ ಕಡೆಯ ಹುಡುಗ, ಸ್ವಲ್ಪ ಮೊದಲು ಎಲ್ಲರ ಜೊತೆ ಮಳೆಯಿಂದ ಎಂದು ಕೂಗಿದವನೇ. ಮಧ್ಯಾಹ್ನದ ಮೇಲೆ ಗಚ್ಚಿಬೌಲಿಯಲ್ಲಿ ಕಟ್ಟುತ್ತಿದ್ದ ಒಂದು ಆಫೀಸು ಕಟ್ಟಡದ ಸೈಟಿನಲ್ಲಿ ಕೂಲಿಯವರ ಹಾಜರಿ ಹಿಡಿಯುವ ಕೆಲಸ ಅವನದು. ಅಲ್ಲಿನವರೆಲ್ಲ ರಾಯಚೂರು, ಯಾದಗಿರಿ ಕಡೆಯ ಮಂದಿಯಂತೆ. "ಮೇಡಂ, ಅವರು ನನ್ನೆದುರೇ ನನ್ನ ಬಗ್ಗೆ ಏನೋ ಮಾತಾಡಿಕೊಂಡು ನಗ್ತಾರೆ. ನಾನೂ ನಗ್ತೀನಿ. ಆಮೇಲೆ ಇನ್ನೂ ಜಾಸ್ತಿ ನಗ್ತಾರೆ" ಎಂದ ತೆಲುಗಿನಲ್ಲಿ. "ಅವರ ಹತ್ತಿರ ಎರಡು ಮಾತಾಡುವಷ್ಟು ಕನ್ನಡ ಬೇಕಿತ್ತು. ಆ ಕೆರೆ ಪಾಠದಲ್ಲಿ ಅದು ಬರುತ್ತದಾ?"

ಬರುವುದಿಲ್ಲ ಎಂದೆ. ಅವನು ಥ್ಯಾಂಕ್ಸ್ ಹೇಳಿ ಹೋದ. ನಾನು ಕುರ್ಚಿಯಲ್ಲಿ ಕೂತು ಕಪಾಟಿನಿಂದ ಪಠ್ಯಕ್ರಮದ ಪುಸ್ತಕ ತೆಗೆದೆ. ನಮ್ಮ ಪಠ್ಯಕ್ರಮದಲ್ಲಿ ಎರಡನೆಯ ಭಾಷೆಯಾಗಿ ಕನ್ನಡ ಕಲಿಸುವುದು ಎಂಬ ಒಂದು ಘಟಕವಿದೆ. ಪರೀಕ್ಷೆಗೆ ಅದರಿಂದ ಪ್ರಶ್ನೆ ಬರುವುದು ಅಪರೂಪ. ಆದ್ದರಿಂದ ಅದನ್ನು ನಾವು ಪ್ರತಿ ವರ್ಷ ಮನೆಯಲ್ಲಿ ಓದಿಕೊಳ್ಳಿ ಎಂದು ಹಾರಿಸಿಬಿಡುತ್ತಿದ್ದೆವು. ಅಂತಿಮ ಪಾಠವನ್ನು ಆ ಘಟಕದ ಕೆಳಗೆ ಕೊಡಬಾರದೆಂದು ಎಲ್ಲಿಯೂ ಇರಲಿಲ್ಲ. ಹಾಗೆ ಯಾರೂ ಕೊಟ್ಟಿರಲಿಲ್ಲ, ಅಷ್ಟೇ. ಕನ್ನಡ ಬಾರದ ಈ ದೊಡ್ಡವರನ್ನು ಕನ್ನಡ ಬಾರದ ದೊಡ್ಡವರೆಂದೇ ಕೂರಿಸಿದರೆ ಅದು ನಿಜವಾದ ತರಗತಿ ಆಗುತ್ತದಲ್ಲ!

ಹೊರಗಿನ ಪರೀಕ್ಷಕರು ಗುಲ್ಬರ್ಗಾದ ನಿವೃತ್ತ ಪ್ರಾಧ್ಯಾಪಕರು. ಪೂರ್ತಿ ಅಂಕ ಕೊಟ್ಟಿದ್ದನ್ನು ಯಾರೂ ನೋಡಿರದ ಮನುಷ್ಯ. ಮುಂಚೆ ತಿಳಿಸಿದರೆ ಅವರು ಆಗುವುದಿಲ್ಲ ಅನ್ನಬಹುದು, ಅಲ್ಲಿಗೆ ಹುಡುಗಿಯ ಕಥೆ ಮುಗಿಯಿತು. ತಿಳಿಸದೆ, ಮಕ್ಕಳ ಬದಲಿಗೆ ಕನ್ನಡ ಬಲ್ಲ ದೊಡ್ಡವರು ಕೂತಿದ್ದಾರೆಂದು ನಾಟಕ ಆಡಿಸಿದರೆ ಸಿಕ್ಕಿ ಬೀಳಬಹುದು, ಬೀಳದೆಯೂ ಇರಬಹುದು. ಪ್ರಿನ್ಸಿಪಾಲರನ್ನು ಕೇಳಿದರೆ ಮ್ಯಾನೇಜ್ ಮಾಡ್ರಿ ಅನ್ನುತ್ತಾರೆಂದು ಗೊತ್ತಿತ್ತು. ಹುಡುಗಿಯನ್ನೇ ಕರೆದು ಕೇಳಿದೆ. "ಫೋನ್ ಮಾಡ್ರಿ ಅಕ್ಕಾರ" ಅಂದಳು, ಒಂದು ಕ್ಷಣ ಕೂಡ ತಡೆಯದೆ. ಮಾಡಿದೆ.

ಅವರು ಎಲ್ಲ ಕೇಳಿಸಿಕೊಂಡರು.

"ನಾಟಕ ನೋಡ್ಲಿಕ್ಕ ನಾ ಟ್ರೇನ್ ಹತ್ತಂಗಿಲ್ಲ, ತಿಳೀತೇನ್ರಿ? ಪಾಠ ಅದ ಅಂದ್ರ ಬರ್ತೀನಿ."

"ಪಾಠ ಐತ್ರಿ ಸರ್."

"ಛಲೋ ಇಲ್ಲಂದ್ರ ಫೇಲ್ ಮಾಡ್ತೀನಿ. ಕಡೀ ಬ್ಯಾಚ್ ಅಂತ ಕಣ್ಣೀರ ಹಾಕಬ್ಯಾಡ್ರಿ ಮತ್ತ."

ಕಣ್ಣೀರಿನ ಮಾತು ನನ್ನ ಮಟ್ಟಿಗೆ ದೂರವೇ ಇತ್ತು. ಉಳಿದ ದಿನಗಳಲ್ಲಿ ಹೊಸ ಪಾಠಯೋಜನೆ ಬರೆಸಿದೆ. ನಮ್ಮ ಯೋಜನೆಯ ಹಾಳೆಯಲ್ಲಿ ಪ್ರತಿ ಪ್ರಶ್ನೆಯ ಎದುರು ನಿರೀಕ್ಷಿತ ಉತ್ತರ ಎಂದು ಒಂದು ಅಂಕಣ ಇರುತ್ತದೆ. ಈ ಬಾರಿ ಅವಳು ಅಲ್ಲಿ ಸರಿಯುತ್ತರದ ಕೆಳಗೆ ಬರಬಹುದಾದ ತಪ್ಪುಗಳನ್ನೂ ಬರೆದಳು. ಸೈಟಿನ ಹುಡುಗನನ್ನು ಕೂರಿಸಿಕೊಂಡು ಅವನಿಗೆ ಬೇಕಾದ ಮಾತು ಯಾವುವು ಎಂದು ಕೇಳಿ, ಪಾಠಕ್ಕೆ ನಾಲ್ಕೈದು ಮಾತು ಆರಿಸಿದಳು. ತಾಲೀಮು ಮಾತ್ರ ಬೇಡವೇ ಬೇಡ ಅಂದಳು, ಮೊದಲೇ ಕಲಿತುಬಿಟ್ಟರೆ ಆ ದಿನ ಕಲಿಸುವುದು ಏನನ್ನು ಎಂದು. ನನ್ನ ಇಷ್ಟು ವರ್ಷಗಳ ನೌಕರಿಯಲ್ಲಿ ತಾಲೀಮಿಲ್ಲದ ಅಂತಿಮ ಪಾಠವನ್ನು ಕಂಡಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ನನ್ನ ಕೋಣೆಗೆ ಬಂದು ಬೋಧನೋಪಕರಣಕ್ಕೆ ಒಂದು ಊಟದ ಡಬ್ಬಿ ಬೇಕಿತ್ತು ಅಂದಳು. ನನ್ನದನ್ನೇ ಕೊಟ್ಟೆ. ಎತ್ತಿ ನೋಡಿದಳು.

"ಅಕ್ಕಾರ, ತುಂಬೇ ಐತೆಲ್ರಿ ಇದು."

"ಇರ್ಲಿ, ಒಯ್ಯಿ. ನಾ ಉಣ್ಣಂಗಿಲ್ಲ."

ಅವಳು ಡಬ್ಬಿ ತೆಗೆದುಕೊಂಡು ತರಗತಿಗೆ ಹೊರಟಳು.

ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತು ಪೆನ್ನಿನ ಟೊಪ್ಪಿಗೆ ತೆಗೆದರು. ಹುಡುಗಿ ಒಳಗೆ ಬಂದು ನಮಸ್ಕಾರ ಮಾಡಿ ತೆಲುಗಿನಲ್ಲಿ ಒಂದೇ ಒಂದು ಮಾತು ಹೇಳಿದಳು. ಗಂಟೆ ಹೊಡೆಯುವ ತನಕ ಇನ್ನು ತೆಲುಗು ಇಲ್ಲ, ಕನ್ನಡವೇ ಎಂದು. ಆಮೇಲೆ ಕುರ್ಚಿ ತೋರಿಸಿ "ಕೂಡ್ರಿ" ಅಂದಳು, ತಾನು ಕೂತಳು, ಅವರನ್ನು ಕೂರಿಸಿದಳು, ಎಬ್ಬಿಸಿದಳು. ಲೋಟ ಹಿಡಿದು "ನೀರು ಬೇಕೇನ್ರಿ?" ಅಂದಳು. ಆ ದಿನ ಚಡ್ಡಿಯೂ ಇರಲಿಲ್ಲ, ರಿಬ್ಬನ್ನೂ ಇರಲಿಲ್ಲ. ಅರ್ಥವಾಗದ ಭಾಷೆಯ ಮುಂದೆ ಎಲ್ಲರ ಮುಖ ಪೆಚ್ಚಾಗಿತ್ತು, ಎಲ್ಲರ ಕಣ್ಣು ಅವಳ ಬಾಯಿಯ ಮೇಲಿತ್ತು.

ಡಬ್ಬಿ ಎತ್ತಿ ತೋರಿಸಿ, ಉಣ್ಣುವಂತೆ ಕೈ ಬಾಯಿಗೆ ತಂದು "ಊಟ ಆತೇನ್ರಿ?" ಎಂದು ಕಲಿಸಿದಳು. "ಆತ್ರಿ, ನಿಮ್ದು?" ಎಂದು ಉತ್ತರ. ಸಾಲುಸಾಲಾಗಿ ಒಬ್ಬರನ್ನೊಬ್ಬರು ಕೇಳಿಕೊಂಡರು. ಮೌಲ್ಯಮಾಪನದ ಹೊತ್ತಿಗೆ ಸೈಟಿನ ಹುಡುಗನನ್ನು ಎಬ್ಬಿಸಿದಳು.

"ಊಟ ಆತೇನ್ರಿ?"

"ನೀರು ಬೇಕ್ರಿ" ಎಂದ ಅವನು.

ತರಗತಿ ನಕ್ಕಿತು. ಹುಡುಗ ಕೆಂಪಾದ. ಪಕ್ಕದಲ್ಲಿ ಪೆನ್ನು ಓಡುವ ಸದ್ದು ಕೇಳಿಸಿತು. ಇಂಥ ಹೊತ್ತಿನಲ್ಲಿ ಬಲಗೈಯವರ ಕಡೆ ತಿರುಗಬೇಕೆಂದು ನಾವು ಹೇಳಿಕೊಟ್ಟಿದ್ದೆವು. ಅವಳು ತಿರುಗಲಿಲ್ಲ. ಉತ್ತರ ಹೇಳಿಕೊಡಲೂ ಇಲ್ಲ. ಡಬ್ಬಿ ಕೈಯಲ್ಲಿ ಹಿಡಿದು ಅವನನ್ನೇ ನೋಡುತ್ತ ನಿಂತಳು. ನಗು ನಿಂತಿತು. ಅಂತಿಮ ಪಾಠದಲ್ಲಿ ಅಷ್ಟು ಹೊತ್ತು ಯಾರೂ ಮಾತಾಡದೆ ಇರುವುದೆಂದರೆ ಅಂಕ ಸೋರಿಹೋಗುವುದೆಂದೇ ಅರ್ಥ. ನನಗೆ ಬಹಳ ದಿನದ ಮೇಲೆ ಏನೋ ಒಂದು ಅನ್ನಿಸಿತು, ಭಯ.

"ಆತ್ರಿ" ಎಂದ ಹುಡುಗ ಕೊನೆಗೆ. ತುಸು ತಡೆದು, "ನಿಮ್ದು?" ಎಂದ.

"ಆತ್ರಿ" ಎಂದು ಅವಳು ನಕ್ಕಳು. ಅಷ್ಟರಲ್ಲಿ ಪರೀಕ್ಷಕರು ಎದ್ದು ನಿಂತು ಅದೇ ಹುಡುಗನನ್ನು, ಯೋಜನೆಯಲ್ಲಿ ಕೊನೆಗೆ ಬರೆದಿದ್ದ ಪ್ರಶ್ನೆಯನ್ನು ತಾವೇ ಕೇಳಿದರು. "ಎಲ್ಲದ ರೀ ನಿಮ್ಮ ಮನಿ?" ಅವಳು ಕಲಿಸಿದ್ದು ಮನಿ ಎಲ್ಲಿ ಐತ್ರಿ ಎಂದು. ಹುಡುಗ ತಿರುಗಿ ನಿಂತು, ಹಿಂದೆ ಮುಂದೆ ಮಾಡಿ, "ಮನಿ ಉಪ್ಪಲ್... ಉಪ್ಪಲ್‌ನ್ಯಾಗ ಐತ್ರಿ" ಅಂದ. ಪರೀಕ್ಷಕರು ಕೂತು ಹಾಳೆಯಲ್ಲಿ ಬರೆದುಕೊಂಡರು.

ಕೊನೆಯ ಹಂತ ಮನೆಗೆಲಸ. ಅಂತಿಮ ಪಾಠದಲ್ಲಿ ಇದು ಬರೀ ಶಾಸ್ತ್ರ. ಮಾರನೆಯ ದಿನ ಆ ಟೀಚರ್ ಬರುವುದಿಲ್ಲ, ಮನೆಗೆಲಸ ನೋಡುವವರು ಇರುವುದಿಲ್ಲ, ಇದು ಮಕ್ಕಳಿಗೂ ಗೊತ್ತು. ಆದರೂ ಕೊಡದಿದ್ದರೆ ಅಂಕ ಕಡಿತ. ಕನ್ನಡ ಬರುವ ಒಬ್ಬರನ್ನು ಹುಡುಕಿ ಊಟ ಆತೇನ್ರಿ ಎಂದು ಕೇಳಿ ಬನ್ನಿ ಅನ್ನುವುದನ್ನು ಕೈಸನ್ನೆಯಲ್ಲೇ ತಿಳಿಸಿದಳು. ಗಂಟೆ ಹೊಡೆಯಿತು.

"ಪುಸ್ತಕದ ಭಾಷಾ ಎಲ್ಲಿ ಹೋತು ತಂಗಿ?" ಎಂದು ಆಮೇಲೆ ಪರೀಕ್ಷಕರು ಕೇಳಿದರು.

"ಸರ್, ಇವರು ಯಾರ ಜೋಡಿ ಮಾತಾಡ್ತಾರ ಅಂತ ಮೊದಲ ಕೇಳಿದ್ನಿರಿ. ಅವರ ಮಾತು ಕಲಿಸೀನ್ರಿ."

ಪೀಠಿಕೆ ಇಲ್ಲ, ಉದ್ದೇಶ ಹೇಳಲಿಲ್ಲ, ಕರಿಹಲಗೆ ಬಳಸಿದ್ದು ಕಡಿಮೆ ಎಂದು ಒಂದೊಂದಾಗಿ ಅಂಕ ಕಳೆದರು. ಕಳೆದು ಉಳಿದದ್ದು ಪಾಸಾಗುವುದಕ್ಕೆ ಸಾಕಾಗಿತ್ತು. ಹುಡುಗಿ ನನ್ನ ಕಾಲಿಗೆ ನಮಸ್ಕರಿಸಿ, ಡಬ್ಬಿ ಮೇಜಿನ ಮೇಲಿಟ್ಟು, ಆ ಸಂಜೆಯ ರೈಲಿಗೆ ಊರಿಗೆ ಹೋದಳು. ಒಳ್ಳೆಯದಾಯಿತು ಅಂದುಕೊಂಡೆ. ಅಂದುಕೊಂಡೆ ಅಷ್ಟೇ, ಸಂತೋಷ ಆಗಲಿಲ್ಲ. ಡಬ್ಬಿ ಎಂದಿನಂತೆ ತುಂಬಿಕೊಂಡೇ ಮನೆಗೆ ಹೋಯಿತು.

ಮಾರನೆಯ ದಿನ ಮಧ್ಯಾಹ್ನ ನನ್ನ ಕೋಣೆಯ ನಕಾಶೆ, ಚಾರ್ಟುಗಳನ್ನು ಸುತ್ತಿ ಕಟ್ಟುತ್ತಿದ್ದೆ. ಇಬ್ಬರು ಕೂಲಿಯವರು ಗೋಡೆಯ ಅಳತೆ ತೆಗೆದುಕೊಂಡು ಹೋಗಿದ್ದರು. ಬಾಗಿಲಲ್ಲಿ ಯಾರೋ ಕೆಮ್ಮಿದರು. ರಿಬ್ಬನ್ ಕಟ್ಟಿಕೊಂಡಿದ್ದ ಹುಡುಗಿ. ಅವಳ ಹಿಂದೆ ಚಡ್ಡಿ ಹಾಕಿದ್ದವನು, ಅವನ ಹಿಂದೆ ಇನ್ನಷ್ಟು ಮಂದಿ, ಜಿನ್ನಾದ ಮೇಲಿನವರೆಗೂ ಸಾಲು.

"ಮೇಡಂ," ಅಂದಳು ಹುಡುಗಿ. ಉಗುಳು ನುಂಗಿ, ಒಂದೊಂದೇ ಅಕ್ಷರ ಜೋಡಿಸಿ, "ಊಟ... ಆತೇನ್ರಿ?"

ಮನೆಗೆಲಸ! ಅವರಿಗೆ ಗೊತ್ತಿದ್ದ, ಕನ್ನಡ ಬರುವ ಒಬ್ಬರು ನಾನೇ. ಸಾಲಿನ ಹಿಂದಿನಿಂದ ಸೈಟಿನ ಹುಡುಗ ತೆಲುಗಿನಲ್ಲಿ ಕೂಗಿ ಹೇಳಿದ, ತಾನು ನಿನ್ನೆಯೇ ಸೈಟಿನಲ್ಲಿ ಒಬ್ಬ ಅಜ್ಜಿಯನ್ನು ಕೇಳಿ ಮುಗಿಸಿದೆನೆಂದು, ಅವಳು ಹೇಳಿದ ಉದ್ದನೆಯ ಉತ್ತರ ಒಂದೂ ತಿಳಿಯಲಿಲ್ಲವೆಂದು, ಆದರೆ ಅವಳು ನಗಲಿಲ್ಲವೆಂದು.

ಹುಡುಗಿ ಉತ್ತರಕ್ಕೆ ಕಾದು ನಿಂತಿದ್ದಳು. ಆತವ್ವ ಅಂದುಬಿಡುವವಳಿದ್ದೆ. ಅದು ಬಾಯಿಯ ತುದಿಯಲ್ಲೇ ಇತ್ತು. ತಿಂಗಳುಗಟ್ಟಲೆ ಎಲ್ಲರಿಗೂ ಅದನ್ನೇ ಹೇಳುತ್ತ ಬಂದಿದ್ದೆ. ಆದರೆ ನಿಜವಾಗಿ ಕೇಳಿದವರಿಗೆ ಸುಳ್ಳು ಉತ್ತರ ಕೊಡುವುದು ಸರಿಯೆನಿಸಲಿಲ್ಲ.

"ಇಲ್ಲವ್ವ" ಅಂದೆ. "ನಂದಿನ್ನೂ ಊಟ ಆಗಿಲ್ಲ."

ಅವಳು ಕಕ್ಕಾಬಿಕ್ಕಿಯಾದಳು. ಹಿಂದೆ ತಿರುಗಿ ಗೆಳೆಯರನ್ನು ನೋಡಿದಳು, ಅವರಿಗೂ ತಿಳಿಯಲಿಲ್ಲ. ಆತ್ರಿ ಎಂಬ ಉತ್ತರಕ್ಕೆ ಮುಂದೆ ಏನೆನ್ನಬೇಕೆಂದು ಅವರಿಗೆ ಕಲಿಸಲಾಗಿತ್ತು. ಇಲ್ಲ ಎಂದವರಿಗೆ ಏನು ಹೇಳಬೇಕೆಂಬುದು ಪಾಠದಲ್ಲಿ ಇರಲಿಲ್ಲ, ಒಂದು ಗಂಟೆಯಲ್ಲಿ ಅಷ್ಟು ದೂರ ಹೋಗುವುದು ಆಗುವ ಮಾತೂ ಅಲ್ಲ.

ಕಟ್ಟಿದ್ದ ಚಾರ್ಟುಗಳನ್ನು ಪಕ್ಕಕ್ಕೆ ಸರಿಸಿದೆ. ಎಲ್ಲರನ್ನೂ ಒಳಗೆ ಕರೆದೆ. ಡಬ್ಬಿ ಎತ್ತಿ ತೋರಿಸಿ, ಕೈಬೀಸಿ ಕರೆದು, ನಿಧಾನವಾಗಿ ಹೇಳಿಕೊಟ್ಟೆ: "ಬರ್ರಿ, ಊಟ ಮಾಡೂಣು."

"ಬರ್ರಿ, ಊಟ ಮಾಡೂಣು" ಅಂದರು ಅವರು.

ಮತ್ತೊಮ್ಮೆ ಹೇಳಿಸಿದೆ. ಹುಡುಗಿ ಈಗ ನನ್ನ ಕಡೆ ತಿರುಗಿ, ತಪ್ಪಿಲ್ಲದೆ, ಅರ್ಥ ತಿಳಿದುಕೊಂಡೇ ಅದನ್ನು ಹೇಳಿ, ತನ್ನ ಟಿಫಿನ್ ಬಾಕ್ಸ್ ಮೇಜಿನ ಮೇಲಿಟ್ಟಳು. ನಾನು ನನ್ನ ಡಬ್ಬಿಯ ಮುಚ್ಚಳ ತೆಗೆದೆ. ಜೋಳದ ರೊಟ್ಟಿ, ಪುಂಡಿಪಲ್ಯ. ಅದರ ಹುಳಿ ವಾಸನೆ ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತೆಂದು ಬರೆದರೆ ಸುಳ್ಳಾದೀತು. ನನಗೆ ಹಸಿವಾಯಿತು.